ಎನ್‌ಸಿಬಿ ಉಳಿಸಿಕೊಳ್ಳಲು ವರ್ಷಕ್ಕೆ 450 ರೂಪಾಯಿ ಕೊಡುವುದು ಸರಿಯೇ?

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ನನ್ನ 1,197 ಸಿಸಿ ಕಾರಿನ ವಿಮೆ ಮುಂದಿನ ತಿಂಗಳು ಮುಗಿಯಲಿದೆ. ಸತತ ಐದು ವರ್ಷ ಒಂದೂ ಕ್ಲೇಮ್ ಮಾಡದ ಕಾರಣ ಈ ಸಲ ಶೇ. 50ರಷ್ಟು ನೋ ಕ್ಲೇಮ್ ಬೋನಸ್ (ಎನ್‌ಸಿಬಿ) ಸಿಕ್ಕಿದೆ. ಕಂಪನಿ ಕಳುಹಿಸಿರುವ ಲೆಕ್ಕದಲ್ಲಿ ಸ್ವಂತ ಹಾನಿಯ, ಅಂದರೆ ಓಡಿ ಭಾಗದ ಪ್ರೀಮಿಯಂ 8,000 ರೂಪಾಯಿ ಇದ್ದು, ಬೋನಸ್ ಕಳೆದು 4,000 ಆಗಿದೆ. ಥರ್ಡ್ ಪಾರ್ಟಿಗೆ, ಅಂದರೆ ನಮ್ಮ ಕಾರಿನಿಂದ ಇತರರಿಗಾಗುವ ಹಾನಿಯ ಭಾಗಕ್ಕೆ, 3,416 ರೂಪಾಯಿ. ಇವುಗಳ ಜೊತೆಗೆ, ಕ್ಲೇಮ್ ಮಾಡಿದರೂ ಬೋನಸ್ ಉಳಿಸಿಕೊಡುವ ಎನ್‌ಸಿಬಿ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ರಕ್ಷಣೆಗೆ (ಆ್ಯಡ್-ಆನ್) 450 ರೂಪಾಯಿ ಕೇಳುತ್ತಿದ್ದಾರೆ. ಎಲ್ಲದರ ಮೇಲೂ ಶೇ. 18 ಜಿಎಸ್‌ಟಿ ಬೀಳುತ್ತದೆ.

ಕಳೆದ ವರ್ಷ ಮನೆಯ ಗೇಟಿಗೆ ತಾಗಿ ಹಿಂದಿನ ಬಂಪರ್ ಒಡೆದಾಗ, ಬೋನಸ್ ಹೋದೀತೆಂದು ಹೆದರಿ 7,000 ರೂಪಾಯಿಯನ್ನು ಕೈಯಿಂದಲೇ ಕೊಟ್ಟೆ. ಕೈಯಿಂದಲೇ ಕೊಡುವುದಾದರೆ ವಿಮೆ ಯಾವುದಕ್ಕೆ ಎಂದು ಮನೆಯಲ್ಲಿ ಕೇಳಿದಾಗ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ತಿಂಗಳಿಗೆ ಎರಡು ಬಾರಿಯಾದರೂ ಬೆಂಗಳೂರಿಗೆ ಕಾರಿನಲ್ಲಿ ಹೋಗಿಬರುತ್ತೇನೆ. ಈ ಆ್ಯಡ್-ಆನ್ ತೆಗೆದುಕೊಳ್ಳುವುದು ಲಾಭವೇ? ಲೆಕ್ಕ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ದಾವಣಗೆರೆಯಿಂದ)

ಒಂದು ಕ್ಲೇಮ್ ಮಾಡಿದರೆ ಆ ವರ್ಷದ 4,000 ರೂಪಾಯಿ ಮಾತ್ರ ಹೋಗುತ್ತದೆ ಎಂದು ನಮ್ಮಲ್ಲಿ ಬಹಳ ಜನ ತಿಳಿದುಕೊಂಡಿದ್ದಾರೆ, ಆದರೆ ನಷ್ಟ ಅಲ್ಲಿಗೆ ನಿಲ್ಲುವುದಿಲ್ಲ. ಬೋನಸ್ಸಿನ ಮೆಟ್ಟಿಲುಗಳು ಶೇ. 20, 25, 35, 45 ಮತ್ತು 50. ಕ್ಲೇಮ್ ಮಾಡಿದವರು ಒಂದು ಮೆಟ್ಟಿಲು ಇಳಿಯುವುದಲ್ಲ, ನೇರವಾಗಿ ಸೊನ್ನೆಗೆ ಬಂದು ಮತ್ತೆ ಮೊದಲಿನಿಂದ ಹತ್ತಬೇಕು. ಈ ವರ್ಷ ತಾವು ಕ್ಲೇಮ್ ಮಾಡಿದಿರೆಂದು ಇಟ್ಟುಕೊಳ್ಳೋಣ. ಮುಂದಿನ ನವೀಕರಣದಲ್ಲಿ ಪೂರ್ತಿ 4,000 ಹೋಗುತ್ತದೆ. ಅದರ ಮರುವರ್ಷ 50ರ ಬದಲು 20 ಸಿಗುವುದರಿಂದ 2,400, ಆಮೇಲೆ 2,000, ಆಮೇಲೆ 1,200, ಐದನೆಯ ವರ್ಷ 400. ಒಟ್ಟು 10,000 ರೂಪಾಯಿ, ಅಂದರೆ ಬೋನಸ್ ಕಳೆಯುವ ಮೊದಲಿನ ಓಡಿ ಪ್ರೀಮಿಯಂನ ಒಂದೂಕಾಲು ಪಾಲು.

ಕಾರಿಗೆ ವಯಸ್ಸಾದಂತೆ ಐಡಿವಿ, ಅಂದರೆ ವಿಮೆಗೆ ಹಿಡಿಯುವ ಕಾರಿನ ಬೆಲೆ, ಇಳಿಯುತ್ತದೆ, ಅದರೊಂದಿಗೆ ಓಡಿ ಪ್ರೀಮಿಯಂ ಕೂಡ ಇಳಿಯುವ ಸಂಭವವಿದೆ. ಆದ್ದರಿಂದ ನಷ್ಟವನ್ನು 8,000 ಎಂದೇ ಹಿಡಿಯೋಣ. ಅದನ್ನು 450ರಿಂದ ಭಾಗಿಸಿದರೆ ಹದಿನೇಳು ಹದಿನೆಂಟು ವರ್ಷ ಬರುತ್ತದೆ. ಅಷ್ಟು ಕಾಲದಲ್ಲಿ ಒಂದಾದರೂ ದೊಡ್ಡ ಕ್ಲೇಮ್ ಬರಬಹುದೆಂದು ತಮಗೆ ಅನ್ನಿಸಿದರೆ ಈ ಆ್ಯಡ್-ಆನ್ ಲಾಭದ್ದೇ. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗುವವರಿಗೆ ಅದು ಅತಿಯಾದ ನಿರೀಕ್ಷೆಯೆಂದು ನನಗೆ ತೋರುವುದಿಲ್ಲ. ಆದರೆ 450ರ ಜಾಗದಲ್ಲಿ 1,200 ಕೇಳಿದ್ದರೆ ನಾನೇ ಬೇಡವೆನ್ನುತ್ತಿದ್ದೆ.

ಬಂಪರ್ ವಿಷಯದಲ್ಲಿ ತಾವು ಮಾಡಿದ್ದು ಸರಿಯಾಗಿಯೇ ಇದೆ. ಝೀರೋ ಡೆಪ್, ಅಂದರೆ ಸವಕಳಿ ಕಳೆಯದೆ ಹಣ ಕೊಡುವ ಆ್ಯಡ್-ಆನ್, ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಅರ್ಧವನ್ನು ಸವಕಳಿಯೆಂದು ಕಳೆಯುತ್ತಾರೆ, 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ ಕಡ್ಡಾಯ ಕಡಿತವೂ ಇದೆ. ಆ 7,000ದಲ್ಲಿ ಬಂಪರಿನ ಬೆಲೆಯೇ 4,000 ಆಗಿದ್ದರೆ ಕೈಗೆ ಬರುತ್ತಿದ್ದುದು ಹೆಚ್ಚೆಂದರೆ 4,000. ಅದಕ್ಕಾಗಿ ಅದಕ್ಕಿಂತ ಎಷ್ಟೋ ಹೆಚ್ಚಿನ ಬೋನಸ್ ಬಿಟ್ಟುಕೊಡಬೇಕಾಗುತ್ತಿತ್ತು. ಮನೆಯವರ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ: ವಿಮೆ ಇರುವುದು ನಾವು ಹೊರಲಾರದ ಖರ್ಚಿಗೆ.

ಉತ್ತರ 2 (ಬೆಂಗಳೂರಿನಿಂದ)

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಅದರಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಈ ಆ್ಯಡ್-ಆನ್ ಕಾಪಾಡುವುದು ಬೋನಸ್ಸಿನ ಶೇಕಡಾವಾರನ್ನು ಮಾತ್ರ, ಪ್ರೀಮಿಯಂ ಅನ್ನಲ್ಲ. ಥರ್ಡ್ ಪಾರ್ಟಿ ದರವನ್ನು ಸರ್ಕಾರ ನಿಗದಿ ಮಾಡುತ್ತದೆ, ಅದಕ್ಕೂ ಎನ್‌ಸಿಬಿಗೂ ಸಂಬಂಧವೇ ಇಲ್ಲ. ಓಡಿ ದರವಾದರೋ 2007ರ ಜನವರಿಯಿಂದ ಕಂಪನಿಗಳ ಕೈಯಲ್ಲಿದೆ. ಕ್ಲೇಮ್ ಆದ ಮೇಲೆ 8,000 ಇದ್ದ ಮೂಲ ದರವನ್ನು ಅವರು 9,500 ಮಾಡಿದರೆ ತಮ್ಮ ಶೇ. 50 ಹಾಗೆಯೇ ಉಳಿದಿದ್ದರೂ ಕಟ್ಟುವ ಹಣ ಹೆಚ್ಚಾಗುತ್ತದೆ.

ಇದಕ್ಕಿಂತ ಮುಖ್ಯವಾದ ಮಾತೆಂದರೆ, ಹಣ ಒಂದಕ್ಕೇ ಸಾಲುವುದಾದರೆ ಝೀರೋ ಡೆಪ್ ಮೊದಲು, ಇಂಜಿನ್ ರಕ್ಷಣೆ ಆಮೇಲೆ, ಎನ್‌ಸಿಬಿ ರಕ್ಷಣೆ ಮೂರನೆಯದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ಕಾರುಗಳು ನೀರಿನಲ್ಲಿ ನಿಂತಿದ್ದನ್ನು ನಾವೆಲ್ಲ ನೋಡಿದ್ದೇವೆ. ನಿಂತ ನೀರಿನಲ್ಲಿ ಕಾರು ಸ್ಟಾರ್ಟ್ ಮಾಡಿ ಇಂಜಿನ್ ಒಳಗೆ ನೀರು ಹೊಕ್ಕರೆ ಆ ಹಾನಿಯನ್ನು ಸಾಮಾನ್ಯ ಪಾಲಿಸಿ ತುಂಬಿಕೊಡುವುದಿಲ್ಲ. ಕ್ಲೇಮೇ ತಿರಸ್ಕಾರವಾದಾಗ ಉಳಿದ ಬೋನಸ್ಸಿನಿಂದ ಆ ಖರ್ಚು ಸರಿದೂಗುವುದಿಲ್ಲ.

ಉತ್ತರ 3 (ಶಿವಮೊಗ್ಗದಿಂದ)

ನನ್ನ ಅನುಭವವನ್ನೂ ಹೇಳಲೇಬೇಕು. ಎರಡು ವರ್ಷ ಈ ಆ್ಯಡ್-ಆನ್‌ಗೆ ಹಣ ಕಟ್ಟಿದ್ದೆ. ತಾಯಿಯವರ ಆಸ್ಪತ್ರೆಯ ಓಡಾಟದಲ್ಲಿ ನವೀಕರಣದ ದಿನಾಂಕ ಮರೆತುಹೋಗಿ, ನೆನಪಾಗುವ ವೇಳೆಗೆ ಪಾಲಿಸಿ ಮುಗಿದು 90 ದಿನ ದಾಟಿತ್ತು. ಶೇ. 45 ಇದ್ದ ಬೋನಸ್ ಪೂರ್ತಿ ಹೋಯಿತು. ಕ್ಲೇಮ್ ಮಾಡಿ ಹೋಗುವ ಬೋನಸ್ಸಿಗೆ ರಕ್ಷಣೆಯಿದೆ, ತಡಮಾಡಿ ಹೋಗುವ ಬೋನಸ್ಸಿಗೆ ಇಲ್ಲ. ದಯವಿಟ್ಟು ದಿನಾಂಕವನ್ನು ಇವತ್ತೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಝೀರೋ ಡೆಪ್ ಮೊದಲೇ ಇದೆ, ಇಂಜಿನ್ ರಕ್ಷಣೆಯನ್ನು ಸೇರಿಸಲು ಹೇಳಿದ್ದೇನೆ. ಎನ್‌ಸಿಬಿ ರಕ್ಷಣೆಯನ್ನೂ ತೆಗೆದುಕೊಳ್ಳುವ ಮನಸ್ಸಿದೆ. ಆದರೆ ಎರಡು ವರ್ಷದಲ್ಲಿ ಈ ಕಾರು ಮಾರಿ ಹೊಸದು ಕೊಳ್ಳುವ ಯೋಚನೆಯಿದೆ. ಆಗ ಈ ಬೋನಸ್ ಕಾರಿನ ಜೊತೆಗೇ ಹೋಗುತ್ತದೆಯೇ?

ಉತ್ತರ 1ರವರಿಂದ ಮತ್ತೆ

ಹೋಗುವುದಿಲ್ಲ. ಎನ್‌ಸಿಬಿ ಮಾಲೀಕರದು, ಕಾರಿನದಲ್ಲ. ಮಾರಿದ ಮೇಲೆ ಹಳೆಯ ಕಂಪನಿಯಿಂದ ಎನ್‌ಸಿಬಿ ಪತ್ರ ಪಡೆದುಕೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಹೊಸ ಕಾರಿನ ಓಡಿ ಪ್ರೀಮಿಯಂ ಹೆಚ್ಚಾಗಿರುವುದರಿಂದ ಅಲ್ಲಿ ಶೇ. 50ರ ಬೆಲೆಯೂ ಹೆಚ್ಚು, ಹಾಗಾಗಿ ತಮ್ಮ ವಿಷಯದಲ್ಲಿ 450 ಕೊಡಲು ಇನ್ನೊಂದು ಕಾರಣ ಸಿಕ್ಕಿತು.

ಹಣ ಕಟ್ಟುವ ಮುನ್ನ ಷರತ್ತುಗಳನ್ನು ಲಿಖಿತವಾಗಿ ಕೇಳಿ: ವರ್ಷಕ್ಕೆ ಎಷ್ಟು ಕ್ಲೇಮ್‌ವರೆಗೆ ಬೋನಸ್ ಉಳಿಯುತ್ತದೆ, ಕಳ್ಳತನ ಅಥವಾ ಪೂರ್ಣ ನಷ್ಟವಾದರೆ ಉಳಿಯುತ್ತದೆಯೇ, ಕ್ಲೇಮ್ ಆದ ಮೇಲೆ ಬೇರೆ ಕಂಪನಿಗೆ ಹೋದರೆ ಏನಾಗುತ್ತದೆ. ಇವು ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತವೆ. ಕೊನೆಯ ಪ್ರಶ್ನೆಗೆ ಅವರು ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ, ಇಮೇಲ್‌ನಲ್ಲಿಯೇ ಉತ್ತರ ತರಿಸಿಕೊಳ್ಳಿ.