ಕೂರಿಗೆ ಗೊತ್ತು, ಎಮ್ಮೆ ಗೊತ್ತಿಲ್ಲ: ಮಿದುಳು ವಸ್ತುಜ್ಞಾನವನ್ನು ಹೇಗೆ ಹಂಚಿಟ್ಟಿರುತ್ತದೆ?

ಪ್ರಶ್ನೆ (ಸಿಂಧನೂರು)
ಹರ್ಪಿಸ್ ವೈರಸ್‌ನಿಂದ ಮಿದುಳಿನ ಉರಿಯೂತವಾಗಿ ಚೇತರಿಸಿಕೊಂಡ ನಮ್ಮ ದೊಡ್ಡಪ್ಪನವರು ಕೂರಿಗೆ, ಕುಂಟೆ, ಕುಡುಗೋಲುಗಳ ಚಿತ್ರ ತೋರಿಸಿದರೆ ಹೆಸರನ್ನೂ ಉಪಯೋಗವನ್ನೂ ತಡವರಿಸದೆ ಹೇಳುತ್ತಾರೆ. ಎಮ್ಮೆ, ಆಡು, ಬದನೆಕಾಯಿಗಳ ಚಿತ್ರ ಕಂಡಾಗ ಮಾತ್ರ ‘ಯಾವುದೋ ಪ್ರಾಣಿ’, ‘ತಿನ್ನುವಂಥದ್ದು’ ಎಂದು ಸುಮ್ಮನಾಗುತ್ತಾರೆ. ಜೀವನವಿಡೀ ದನ ಸಾಕಿದವರಿಗೆ ಹೀಗಾಗಬಹುದೇ? ಇದು ಕಣ್ಣಿನ ದೋಷವೇ, ಮರೆವೇ?

ಉತ್ತರ (ಬಳ್ಳಾರಿ, ವಾಕ್ ಚಿಕಿತ್ಸಕ)
ಖಂಡಿತ ಆಗಬಹುದು. ಇದೇ ಕಾಯಿಲೆಯಿಂದ ಚೇತರಿಸಿಕೊಂಡ ನಾಲ್ವರನ್ನು ಪರೀಕ್ಷಿಸಿದ ನರಮನೋವಿಜ್ಞಾನಿಗಳಾದ ಎಲಿಜಬೆತ್ ವಾರಿಂಗ್ಟನ್ ಮತ್ತು ಟಿಮ್ ಶಾಲಿಸ್, ಅವರಲ್ಲಿ ಜೀವಿಗಳ ಮತ್ತು ಆಹಾರ ಪದಾರ್ಥಗಳ ಜ್ಞಾನ ಕುಂದಿದ್ದು ನಿರ್ಜೀವ ವಸ್ತುಗಳ ಜ್ಞಾನ ಬಹುಮಟ್ಟಿಗೆ ಉಳಿದಿರುವುದನ್ನು 1984ರಲ್ಲಿ ವರದಿ ಮಾಡಿದರು. ಈ ವೈರಸ್ ಹೆಚ್ಚಾಗಿ ಮಿದುಳಿನ ಟೆಂಪೊರಲ್ ಭಾಗಕ್ಕೆ (ಕಿವಿಗಳ ಬಳಿ ಇರುವ ಪಾರ್ಶ್ವಭಾಗ) ಹಾನಿ ಮಾಡುತ್ತದೆ. ಪ್ರಾಣಿಗಳನ್ನು ಗುರುತಿಸುವುದೇ ಕಷ್ಟದ ಕೆಲಸವಿರಬೇಕು ಎಂದು ಇದನ್ನು ತಳ್ಳಿಹಾಕುವಂತಿಲ್ಲ; ಏಕೆಂದರೆ ವಸ್ತುಗಳ ಜ್ಞಾನ ಕುಂದಿ ಜೀವಿಗಳ ಜ್ಞಾನ ಉಳಿದ ವಿರುದ್ಧ ಬಗೆಯ ರೋಗಿಯೂ 1983ರಲ್ಲೇ ವರದಿಯಾಗಿದ್ದರು. ಆದರೂ ಒಂದು ಎಚ್ಚರ ಬೇಕು: ಪರಿಚಿತ ವಸ್ತುಗಳನ್ನು ಅಪರೂಪದ ಪ್ರಾಣಿಗಳೊಂದಿಗೆ ಹೋಲಿಸಿದರೆ ಇಲ್ಲದ ವ್ಯತ್ಯಾಸ ಕಾಣಿಸಬಹುದು. ನಿಮ್ಮ ದೊಡ್ಡಪ್ಪನವರಿಗೆ ಎಮ್ಮೆ ಕೂರಿಗೆಯಷ್ಟೇ ಪರಿಚಿತ. ಆದ್ದರಿಂದಲೇ ನೀವು ಗಮನಿಸಿದ್ದಕ್ಕೆ ತೂಕವಿದೆ.

ಉತ್ತರ (ಕೊಪ್ಪಳ, ಮನಃಶಾಸ್ತ್ರ ಅಧ್ಯಾಪಕಿ)
ಕಾರಣದ ಬಗ್ಗೆ ಇನ್ನೂ ವಾದವಿದೆ. ಪ್ರಾಣಿಗಳನ್ನು ನಾವು ಬಣ್ಣ, ಆಕಾರಗಳಿಂದ ತಿಳಿಯುತ್ತೇವೆ, ಉಪಕರಣಗಳನ್ನು ಬಳಕೆಯಿಂದ ತಿಳಿಯುತ್ತೇವೆ. ದೃಶ್ಯಜ್ಞಾನ ಕೆಟ್ಟರೆ ಪ್ರಾಣಿಗಳೇ ಮೊದಲು ಅಳಿಸಿಹೋಗುತ್ತವೆ ಎಂಬುದು ವಾರಿಂಗ್ಟನ್ ಅವರ ವಿವರಣೆಯಾಗಿತ್ತು. ಸಂಶೋಧಕರಾದ ಆಲ್ಫೋನ್ಸೊ ಕರಮಾಜಾ ಮತ್ತು ಜೆನಿಫರ್ ಶೆಲ್ಟನ್ ಇದನ್ನು 1998ರಲ್ಲಿ ಪ್ರಶ್ನಿಸಿ, ಪ್ರಾಣಿ ಮತ್ತು ಸಸ್ಯಗಳನ್ನು ತಿಳಿಯಲು ನಮ್ಮ ಮಿದುಳಿನಲ್ಲಿ ವಿಕಾಸದಲ್ಲೇ ಪ್ರತ್ಯೇಕ ವ್ಯವಸ್ಥೆ ರೂಪುಗೊಂಡಿರಬೇಕು ಎಂದರು. ಹುಟ್ಟು ಕುರುಡರು ಪ್ರಾಣಿಗಳ ಹಾಗೂ ವಸ್ತುಗಳ ಹೆಸರು ಕೇಳಿ ಯೋಚಿಸುವಾಗಲೂ, ದೃಷ್ಟಿ ಇರುವವರಲ್ಲಿ ಕಾಣುವಂಥದೇ ಪ್ರಾದೇಶಿಕ ವಿಂಗಡಣೆ (ಪ್ರಾಣಿಗಳಿಗೂ ವಸ್ತುಗಳಿಗೂ ಬೇರೆ ಬೇರೆ ಭಾಗಗಳು ಹೆಚ್ಚು ಚುರುಕಾಗುವುದು) ಅವರ ಮಿದುಳಿನಲ್ಲಿ ಕಂಡುಬಂದಿದೆ (2009). ಕಣ್ಣಿನ ಅನುಭವವೊಂದೇ ಈ ವಿಂಗಡಣೆಗೆ ಕಾರಣವಲ್ಲ ಎಂಬುದಕ್ಕೆ ನನಗೆ ಇದು ಬಲವಾದ ಪುರಾವೆ. ಹಾಗೆಂದು ‘ಎಮ್ಮೆ’ ಎಂಬುದು ಒಂದೇ ಜಾಗದಲ್ಲಿ ಕೂತಿರುತ್ತದೆ ಎಂದಲ್ಲ. ಅದರ ರೂಪ, ಕೂಗು, ಹಾಲು ಕರೆಯುವ ಕ್ರಿಯೆ ಇವೆಲ್ಲ ಬೇರೆ ಬೇರೆ ಭಾಗಗಳನ್ನು ಕೂಡಿಸಿಕೊಳ್ಳುತ್ತವೆ.

ಪ್ರಶ್ನೆ ಕೇಳಿದವರು
ಹಾಗಾದರೆ ಎಮ್ಮೆಯ ಕೂಗು ಕೇಳಿಸಿ ನೋಡಬಹುದೇ, ಸರ್?

ಉತ್ತರ (ಬಳ್ಳಾರಿ, ವಾಕ್ ಚಿಕಿತ್ಸಕ)
ನೋಡಿ. ಕೂಗಿನಿಂದ ಗುರುತಿಸಿದರೆ ಎಮ್ಮೆಯ ಜ್ಞಾನ ಉಳಿದಿದ್ದು, ಚಿತ್ರದಿಂದ ಅದನ್ನು ತಲುಪುವ ದಾರಿಯಷ್ಟೇ ಕೆಟ್ಟಿರಬಹುದು. ‘ಎಮ್ಮೆಗೆ ಕೊಂಬಿದೆಯೇ, ಏನು ತಿನ್ನುತ್ತದೆ?’ ಎಂದು ಬಾಯಿಮಾತಿನಲ್ಲಿ ಕೇಳಿದರೂ ತೊಡಕಾದರೆ ಜ್ಞಾನವೇ ಕುಂದಿರುವ ಸಾಧ್ಯತೆ ಹೆಚ್ಚು. ಎರಡರ ಫಲಿತಾಂಶವನ್ನೂ ಬರೆದಿಟ್ಟುಕೊಂಡು ನರರೋಗ ತಜ್ಞರಿಗೆ ತೋರಿಸಿರಿ; ಮುಂದಿನ ತರಬೇತಿ ಹೇಗಿರಬೇಕೆಂಬುದು ಅದನ್ನೇ ಅವಲಂಬಿಸಿದೆ.