ಅತ್ತಿಗೆ ಕೇಳಿದ್ದಕ್ಕೆ: ಪುಟ್ಟಿಯನ್ನು ಸೈಕಲ್ ಕ್ಯಾಂಪಿಗೆ ಕಳಿಸಿ, ನೀವೂ ಬನ್ನಿ

ಅತ್ತಿಗೆ, ನಮ್ಮ ಮನೆಯವರ ಗುಂಪಿನಲ್ಲಿ ನಿಮ್ಮ ಮೆಸೇಜ್ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಅರ್ಧಕ್ಕೇ ಬಿಡುತ್ತೇನೆ, ಅದಕ್ಕೆ ಮಾತಾಡಿಯೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ರಾತ್ರಿ ಅಡಿಕೆ ಸುಲಿಯುವಾಗ ಫೋನ್ ಪಕ್ಕಕ್ಕಿಟ್ಟುಕೊಂಡು ಕೇಳಿ. ಅಣ್ಣ, ನೀನೂ ಕೇಳು. ದೊಡ್ಡಪ್ಪನಿಗೂ ಯಾರಾದರೂ ಕೇಳಿಸಿ.

ನಾನು ಹೋದ ತಿಂಗಳು ಹೋಗಿ ಬಂದ ಹೆಂಗಸರ ಮೌಂಟನ್ ಬೈಕ್, ಅಂದರೆ ಗುಡ್ಡದ ದಾರಿಯಲ್ಲಿ ಹೊಡೆಯುವ ಸೈಕಲ್ಲಿನ ಕ್ಯಾಂಪಿಗೆ ಫೆಬ್ರವರಿಯಲ್ಲಿ ಪುಟ್ಟಿಯೂ ಹೋಗುತ್ತೇನೆ ಅನ್ನುತ್ತಿದ್ದಾಳೆ. ನೀವು ಕೇಳಿದ್ದು ಎರಡು ಪ್ರಶ್ನೆ. ಸೈಕಲ್ ಚೆನ್ನಾಗಿ ಬರುವವಳಿಗೆ ಮತ್ತೆ ದುಡ್ಡು ಕೊಟ್ಟು ಕಲಿಯುವುದು ಏನಿದೆ? ಹೆಂಗಸರಿಗೇ ಅಂತ ಬೇರೆ ಕ್ಯಾಂಪ್ ಯಾಕೆ? ದೊಡ್ಡಪ್ಪ ಕೇಳಿದ್ದು, ಆ ಕಾಡಿನ ದಾರಿಯಲ್ಲಿ ಬಿದ್ದು ಕೈಕಾಲು ಮುರಿದುಕೊಂಡರೆ ಯಾರು ನೋಡುತ್ತಾರೆ ಅಂತ. ಮೂರೂ ಸರಿಯಾದ ಪ್ರಶ್ನೆಗಳೇ. ಒಂದೊಂದಾಗಿ ಹೇಳುತ್ತೇನೆ.

ಮೊದಲು ಬ್ರೇಕಿನ ವಿಷಯ. ಅದೊಂದನ್ನೇ ಕಲಿತು ಬಂದರೂ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ನಮಗೆಲ್ಲ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದು ಒಂದೇ ಮಾತು ಅಲ್ವಾ: ಮುಂದಿನ ಬ್ರೇಕ್ ಹಿಡಿಯಬೇಡ, ಮಗುಚಿ ಬೀಳುತ್ತೀಯ. ಹಾಗಾಗಿ ಇಳಿಜಾರು ಬಂತು ಅಂದರೆ ಹಿಂದಿನ ಬ್ರೇಕನ್ನೇ ಗಟ್ಟಿಯಾಗಿ ಹಿಡಿದು ಅಭ್ಯಾಸ. ಟಾರು ರಸ್ತೆಯಲ್ಲಿ ಹೇಗೋ ನಡೆಯುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣಿನ ಮೇಲೆ, ಅದರ ಮೇಲೆ ದರಗೆಲೆ ಬಿದ್ದಿರುವಾಗ, ಹಿಂದಿನ ಚಕ್ರ ನಿಂತುಹೋಗಿ ಜಾರುತ್ತದೆ. ಸೈಕಲ್ ಮಾತ್ರ ನಿಲ್ಲುವುದಿಲ್ಲ.

ಕ್ಯಾಂಪಿನಲ್ಲಿ ಕಾಡಿಗೆ ಹೋಗುವ ಮೊದಲು ಕಾಫಿ ಒಣಗಿಸುವ ಕಣದಲ್ಲಿ ಸುಣ್ಣದ ಗೆರೆ ಹಾಕಿದ್ದರು. ಒಂದೇ ವೇಗದಲ್ಲಿ ಬಂದು ಆ ಗೆರೆಯ ಹತ್ತಿರ ಬ್ರೇಕ್ ಹಿಡಿಯಬೇಕು. ಒಮ್ಮೆ ಹಿಂದಿನದು ಮಾತ್ರ, ಒಮ್ಮೆ ಮುಂದಿನದು ಮಾತ್ರ, ಆಮೇಲೆ ಎರಡೂ. ಎಲ್ಲಿ ನಿಂತೆವು ಅಂತ ಕಲ್ಲು ಇಟ್ಟು ಗುರುತು ಮಾಡುತ್ತಿದ್ದರು. ಹಿಂದಿನ ಬ್ರೇಕ್ ಒಂದರಲ್ಲೇ ಬಂದಾಗ ಎಲ್ಲರ ಕಲ್ಲೂ ಎಲ್ಲೋ ದೂರ. ಮುಂದಿನದನ್ನು ಮೆಲ್ಲಗೆ ಒತ್ತಿದರೆ ಅದಕ್ಕಿಂತ ಎಷ್ಟೋ ಹತ್ತಿರ. ಎರಡೂ ಒಟ್ಟಿಗೆ ಹಿಡಿದರೆ ಇನ್ನೂ ಹತ್ತಿರ. ಕಾರಣವನ್ನೂ ವಿವರಿಸಿದರು. ಬಸ್ಸು ಬ್ರೇಕ್ ಹಾಕಿದಾಗ ನಾವೆಲ್ಲ ಮುಂದಕ್ಕೆ ವಾಲುತ್ತೇವಲ್ಲ, ಹಾಗೆ ಸೈಕಲ್ ಮೇಲೂ ಭಾರ ಮುಂದಿನ ಚಕ್ರಕ್ಕೆ ಹೋಗುತ್ತದೆ. ಹಿಂದಿನ ಚಕ್ರ ಹಗುರ ಆಗುತ್ತದೆ, ಅದಕ್ಕೆ ನೆಲದ ಹಿಡಿತ ಇರುವುದಿಲ್ಲ. ನಿಲ್ಲಿಸುವ ಶಕ್ತಿ ಜಾಸ್ತಿ ಇರುವುದೇ ಮುಂದಿನ ಬ್ರೇಕಿನಲ್ಲಿ. ಮಗುಚುವುದು ಯಾವಾಗ ಅಂದರೆ, ಅದನ್ನು ಗಬಕ್ಕನೆ ಹಿಡಿದು, ಮೈಯನ್ನೂ ಮುಂದಕ್ಕೆ ಬಿಟ್ಟಾಗ. ಸೊಂಟ ಹಿಂದಕ್ಕೆ ತಳ್ಳಿ, ಹಿಮ್ಮಡಿ ಕೆಳಗೆ ಒತ್ತಿ, ಒಂದೇ ಬೆರಳಲ್ಲಿ ಮೆಲ್ಲಗೆ ಒತ್ತುತ್ತಾ ಹೋದರೆ ಮಗುಚುವುದಿಲ್ಲ. ಡಿಸ್ಕ್ ಬ್ರೇಕಿಗೆ ಒಂದು ಬೆರಳು ಸಾಕು. ಉಳಿದ ಬೆರಳೆಲ್ಲ ಹ್ಯಾಂಡಲ್ ಹಿಡಿದಿರಬೇಕು.

ಇನ್ನೊಂದು ವಿಷಯ ಕೇಳಿ. ಬ್ರೇಕ್ ಲಿವರ್ ಕೈಗೆ ಎಷ್ಟು ಹತ್ತಿರ ಇರಬೇಕು ಅಂತ ತಿರುಗಿಸಿ ಹೊಂದಿಸಲು ಅಲ್ಲೇ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅಂಗಡಿಯಿಂದ ಬರುವಾಗ ಅದು ದೊಡ್ಡ ಕೈಯ ಅಳತೆಗೆ ಇರುತ್ತದೆ. ನಮ್ಮಂಥ ಚಿಕ್ಕ ಕೈಯವರು ಲಿವರ್ ಮುಟ್ಟಲು ಹೋಗಿ ಹಿಡಿತವನ್ನೇ ಸಡಿಲ ಮಾಡುತ್ತೇವೆ. ಇಷ್ಟು ವರ್ಷದಲ್ಲಿ ಇದನ್ನು ನನಗೆ ಯಾವ ಅಂಗಡಿಯವರೂ ಹೇಳಿರಲಿಲ್ಲ. ಸ್ಕ್ರೂ ತಿರುಗಿಸಿದ ಮೇಲೆ ಅದೇ ಸೈಕಲ್ ಬೇರೆಯೇ ಆಯಿತು. ಹೆದರಿಕೆ ಸ್ವಭಾವ ಅಂದುಕೊಂಡಿದ್ದ ಎಷ್ಟೋ ಜನರಿಗೆ ಅಲ್ಲಿ ಗೊತ್ತಾಯಿತು, ಅದು ಅಳತೆ ಸರಿ ಇಲ್ಲದ ಸೈಕಲ್ಲಿನ ತೊಂದರೆ ಅಂತ. ನನಗೆ ಇದರ ಬಗ್ಗೆ ಈಗಲೂ ಸಿಟ್ಟು ಬರುತ್ತದೆ.

ಆಮೇಲೆ ಪೆಡಲ್ ಮೇಲೆ ಎದ್ದು ನಿಲ್ಲುವುದು. ಇಳಿಜಾರಿನಲ್ಲಿ ಸೀಟಿನ ಮೇಲೆ ಕೂರಬಾರದು. ಎರಡೂ ಪೆಡಲ್ ಒಂದೇ ಮಟ್ಟಕ್ಕೆ ತಂದು ಎದ್ದು ನಿಲ್ಲಬೇಕು. ಮೊಣಕಾಲು, ಮೊಣಕೈ ಬಗ್ಗಿರಬೇಕು. ಆಗ ಕಲ್ಲು, ಗುಂಡಿ ಬಂದರೆ ಸೈಕಲ್ ಕೆಳಗೆ ಕುಣಿಯುತ್ತದೆ, ನಾವು ಅಲುಗುವುದಿಲ್ಲ. ಕಣ್ಣು ಚಕ್ರದ ಮುಂದೆ ಇರಬಾರದು, ದೂರ ಹೋಗಬೇಕಾದ ಜಾಗದಲ್ಲಿ ಇರಬೇಕು. ಕಲ್ಲನ್ನೇ ದಿಟ್ಟಿಸಿದರೆ ಸೈಕಲ್ ನೇರ ಕಲ್ಲಿಗೇ ಹೋಗುತ್ತದೆ. ಸುಮ್ನೆ ಹೇಳುವ ಮಾತಲ್ಲ ಅದು, ಅಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಹಾಗೇ ಆಯಿತು. ತಿರುವಿನಲ್ಲಿ ಹೊರಗಡೆಯ ಪೆಡಲ್ ಕೆಳಗಿರಬೇಕು, ಬ್ರೇಕ್ ತಿರುವಿಗೆ ಮೊದಲೇ ಮುಗಿದಿರಬೇಕು. ಒದ್ದೆ ಬೇರು ಅಡ್ಡ ಬಂದರೆ ನೇರವಾಗಿ ದಾಟಬೇಕು, ಅದರ ಮೇಲೆ ಬ್ರೇಕ್ ಮುಟ್ಟಲೇಬಾರದು. ಏರು ಶುರುವಾಗುವ ಮೊದಲೇ ಗೇರ್ ಇಳಿಸಬೇಕು. ಅರ್ಧ ಏರಿನಲ್ಲಿ ಒತ್ತಿ ತುಳಿಯುತ್ತಾ ಗೇರ್ ಬದಲಿಸಿದರೆ ಚೈನು ಹಾಳಾಗುತ್ತದೆ. ಇದೆಲ್ಲ ಪುಟ್ಟಿಗೆ ಅರ್ಧ ದಿನದಲ್ಲಿ ಬರುತ್ತದೆ, ಅವಳು ಚುರುಕು.

ಈಗ ಹೆಂಗಸರಿಗೇ ಅಂತ ಯಾಕೆ ಅನ್ನುವುದಕ್ಕೆ ಬರುತ್ತೇನೆ. ಅತ್ತಿಗೆ, ಇದಕ್ಕೆ ನನ್ನ ಉತ್ತರ ಒಂದೇ. ಅಲ್ಲಿ ನಮ್ಮ ಕೈಯಿಂದ ಸೈಕಲ್ ತೆಗೆದುಕೊಳ್ಳುವವರು ಯಾರೂ ಇರುವುದಿಲ್ಲ.

ನಾನು ಶಿವಮೊಗ್ಗದಲ್ಲಿ ಭಾನುವಾರ ಸೈಕಲ್ ಹೊಡೆಯುವ ಗುಂಪಿನ ಜೊತೆ ಹೋಗುತ್ತೇನೆ, ಗಾಜನೂರು, ಮಂಡಗದ್ದೆ ಕಡೆಗೆಲ್ಲ. ಒಳ್ಳೆಯ ಜನ. ಆದರೆ ಪಂಚರ್ ಆಯಿತು ಅಂದರೆ ನಾನು ಬಗ್ಗುವುದರೊಳಗೆ ಯಾರೋ ಚಕ್ರ ಬಿಚ್ಚಿರುತ್ತಾರೆ. ಕಡಿದಾದ ಇಳಿಜಾರು ಬಂದರೆ ‘ಕೊಡಿ ಮೇಡಂ, ನಾನು ಇಳಿಸಿ ಕೊಡುತ್ತೇನೆ’ ಅನ್ನುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಪ್ರತಿ ಸಲ ಯಾರೋ ಇಳಿಸಿಕೊಟ್ಟರೆ ಆ ಇಳಿಜಾರು ನಮಗೆ ಯಾವತ್ತೂ ಬರುವುದಿಲ್ಲ. ಅಣ್ಣ, ಮನೆಯಲ್ಲಿ ಪುಟ್ಟಿಯ ಸೈಕಲ್ ಚೈನು ಬಿದ್ದರೆ ನೀನೇ ಓಡಿಬಂದು ಹಾಕುತ್ತೀಯ. ಅವಳ ಕೈಗೆ ಎಣ್ಣೆ ಆಗಬಾರದು ಅಂತ. ಕೈಗೆ ಎಣ್ಣೆ ಆಗಲಿ ಬಿಡು.

ಕ್ಯಾಂಪಿನಲ್ಲಿ ಹೊಸನಗರದ ಕಡೆಯ ಒಬ್ಬ ಟೀಚರ್ ಇದ್ದರು. ಹಿಂದಿನ ಚಕ್ರ ಬಿಚ್ಚುವುದು ಅವರ ಸರದಿ. ಚೈನನ್ನು ಮೊದಲು ಹಿಂದಿನ ಅತಿ ಚಿಕ್ಕ ಹಲ್ಲಿನ ಚಕ್ರಕ್ಕೆ ತರಬೇಕು, ಆಗ ಸುಲಭ. ಅವರು ತಂದರು, ಬಿಚ್ಚಿದರು, ಟ್ಯೂಬ್ ಹಾಕಿದರು, ಮತ್ತೆ ಕೂರಿಸಲು ಬರಲಿಲ್ಲ. ತುಂಬಾ ಹೊತ್ತು ಹಿಡಿಯಿತು. ಹೇಳಿಕೊಡುವವಳು ಪಕ್ಕದಲ್ಲೇ ಕೈಕಟ್ಟಿ ಕೂತಿದ್ದಳು. ಬಾಯಲ್ಲಿ ಹೇಳುತ್ತಿದ್ದಳು, ಕೈ ಮಾತ್ರ ಹಾಕಲಿಲ್ಲ. ನಾವು ಯಾರೂ ಹಾಕಲಿಲ್ಲ. ಕೊನೆಗೆ ಚಕ್ರ ಟಕ್ ಅಂತ ಕೂತಾಗ ಅವರ ಮುಖ ನೋಡಬೇಕಿತ್ತು ನೀವು! ಆಮೇಲೆ ಇಡೀ ದಿನ ಬೇರೆಯವರ ಪಂಚರ್ ಅವರೇ ನೋಡಿದರು.

ಇನ್ನೊಂದು ಕಾರಣವೂ ಇದೆ. ಮನೆಯವರ ಈ ಗುಂಪಿನಲ್ಲಿ ಗಂಡಸರೂ ಇದ್ದೀರಿ, ಕೇಳಿಸಿಕೊಳ್ಳಿ, ಇದು ಮುಚ್ಚಿಡುವ ವಿಷಯ ಅಲ್ಲ. ಸೀಟು ನೋಯುತ್ತದೆ ಅಂತ ಎಷ್ಟು ಹೆಂಗಸರು ಸೈಕಲ್ ಬಿಟ್ಟಿದ್ದಾರೆ ಗೊತ್ತಾ? ಕೂರುವ ಮೂಳೆಗಳ ನಡುವಿನ ಅಂತರ ಸಾಮಾನ್ಯವಾಗಿ ಹೆಂಗಸರಿಗೆ ಸ್ವಲ್ಪ ಜಾಸ್ತಿ, ಅದಕ್ಕೆ ತಕ್ಕ ಅಗಲದ ಸೀಟು ಸಿಗುತ್ತದೆ. ಪ್ಯಾಡ್ ಇರುವ ಸೈಕಲ್ ಚಡ್ಡಿಯನ್ನು ಒಳಗೆ ಬೇರೇನೂ ಹಾಕದೆ ನೇರವಾಗಿ ಹಾಕಬೇಕು, ಇಲ್ಲದಿದ್ದರೆ ಹೊಲಿಗೆ ಉಜ್ಜಿ ಗಾಯ ಆಗುತ್ತದೆ. ಮುಟ್ಟಿನ ದಿನಗಳಲ್ಲಿ ಏನು ಮಾಡುವುದು, ದಾರಿಯಲ್ಲಿ ಶೌಚಕ್ಕೆ ಏನು ಮಾಡುವುದು, ಇದನ್ನೆಲ್ಲ ಅಲ್ಲಿ ಊಟದ ಹೊತ್ತಿಗೆ ಆರಾಮಾಗಿ ಮಾತಾಡಿದರು. ಗಂಡಸರು ಇದ್ದಿದ್ದರೆ ಅರ್ಧ ಜನ ಬಾಯಿ ಬಿಡುತ್ತಿರಲಿಲ್ಲ.

ಹೆಂಗಸರಿಗೆ ಇದು ಹೊಸ ಹುಚ್ಚು ಅಂತ ದೊಡ್ಡಪ್ಪ ಅಂದರು. ಇಲ್ಲ ದೊಡ್ಡಪ್ಪ. ಒಲಿಂಪಿಕ್ಸ್‌ನಲ್ಲಿ ರಸ್ತೆ ಸೈಕಲ್ ಓಟ 1896ರಲ್ಲೇ ಇತ್ತು, ಆದರೆ ಹೆಂಗಸರಿಗೆ ಅದು ಸಿಕ್ಕಿದ್ದು 1984ರಲ್ಲಿ. ಮೌಂಟನ್ ಬೈಕಿಂಗ್ ಹಾಗಲ್ಲ. 1996ರಲ್ಲಿ ಅಟ್ಲಾಂಟಾದಲ್ಲಿ ಶುರುವಾದಾಗಲೇ ಗಂಡಸರಿಗೂ ಹೆಂಗಸರಿಗೂ ಒಟ್ಟಿಗೆ ಶುರುವಾಯಿತು. ಟೋಕಿಯೋದಲ್ಲಂತೂ ಹೆಂಗಸರ ಮೂರೂ ಪದಕ ಸ್ವಿಟ್ಜರ್ಲೆಂಡಿನವರಿಗೇ ಹೋಯಿತು, ಅದೂ ಗುಡ್ಡದ ಊರು. ಅಷ್ಟು ದೂರ ಯಾಕೆ, ತಮಿಳುನಾಡಿನ ಪುದುಕೋಟೆಯಲ್ಲಿ 1990ರ ದಶಕದ ಶುರುವಿನಲ್ಲೇ ಅಕ್ಷರ ಕಲಿಸುವ ಆಂದೋಲನದ ಜೊತೆಗೆ ಹಳ್ಳಿ ಹೆಂಗಸರಿಗೆ ಸೈಕಲ್ ಕಲಿಸಿದರು, ಕೂಲಿ ಮಾಡುವವರೂ ಕಲಿತರು. ನಮ್ಮಲ್ಲಿ 2006-07ರಲ್ಲಿ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿತು. ವಿಜಯಪುರ, ಬಾಗಲಕೋಟೆ ಕಡೆಯಿಂದ ಎಷ್ಟು ಜನ ಹುಡುಗಿಯರು ಸೈಕಲ್ ಓಟದಲ್ಲಿ ಹೆಸರು ಮಾಡಿದ್ದಾರೆ! ಅಲ್ಲಿ ಬಯಲು. ನಮ್ಮ ಮನೆ ಬಾಗಿಲಲ್ಲೇ ಏರು, ಇಳಿಜಾರು, ಹಳ್ಳ ಎಲ್ಲ ಇದೆ. ಇದಕ್ಕೆ ಬೇಕಾದ ನೆಲ ನಮ್ಮದೇ. ನಮ್ಮ ಹುಡುಗಿಯರು ಯಾಕೆ ಇಲ್ಲ ಅಂತ ನನಗೆ ಅನ್ನಿಸುತ್ತದೆ.

ಇನ್ನು ಕಾಡು. ದೊಡ್ಡಪ್ಪ, ನಿಮ್ಮ ಚಿಂತೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನನಗೆ ಬೀಳುವುದಕ್ಕಿಂತ ಹೆಚ್ಚು ಯೋಚನೆ ಆಗಿರುವುದು ತಿಂಗಳ ಬಗ್ಗೆ. ನಾನು ಹೋಗಿದ್ದು ದೀಪಾವಳಿ ಮುಗಿದ ಮೇಲೆ. ಮಣ್ಣು ಗಟ್ಟಿಯಾಗಿತ್ತು, ಉಂಬಳವೂ ಕಡಿಮೆಯಾಗಿತ್ತು. ಫೆಬ್ರವರಿ ಅಂದರೆ ಮಂಗನ ಕಾಯಿಲೆಯ ಕಾಲ. ಅದು 1957ರಲ್ಲಿ ಮೊದಲು ಗೊತ್ತಾಗಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಉಣುಗು, ಅಂದರೆ ಉಣ್ಣೆ ಹುಳ, ಜಾಸ್ತಿ, ಕಾಯಿಲೆ ಹರಡುವುದು ಅದು ಕಚ್ಚಿದರೆ. ಹಾಗಾಗಿ ದುಡ್ಡು ಕಟ್ಟುವ ಮೊದಲು ಒಂದು ಕೆಲಸ ಮಾಡೋಣ. ಯಾವ ಊರು, ಯಾವ ದಾರಿ ಅಂತ ನಡೆಸುವವರನ್ನು ನಾನು ಕೇಳುತ್ತೇನೆ. ಆ ಕಡೆ ಮಂಗ ಸತ್ತಿದೆಯಾ, ಯಾರಿಗಾದರೂ ಜ್ವರ ಬಂದಿದೆಯಾ ಅಂತ ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಣ್ಣ ಫೋನ್ ಮಾಡಲಿ. ಇದ್ದರೆ ಹೋಗುವುದು ಬೇಡ, ಮಳೆ ಮುಗಿದ ಮೇಲಿನ ಕ್ಯಾಂಪಿಗೆ ಕಾಯೋಣ. ಇದರಲ್ಲಿ ಪುಟ್ಟಿ ಎಷ್ಟು ಹಠ ಮಾಡಿದರೂ ನಾನು ಅವಳ ಪರ ಅಲ್ಲ. ಇಲ್ಲದಿದ್ದರೂ ಉದ್ದ ತೋಳು, ಉದ್ದ ಕಾಲುಚೀಲ ಇರಬೇಕು. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಬೇಕು. ದರಗಿನ ಮೇಲೆ ಕೂರಬಾರದು. ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕೆಲವು ದಿನ ಬಿಟ್ಟು ಜ್ವರ ಬಂದರೂ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಬೇಕು.

ದಾರಿ ಅಂದರೆ ನಡುಕಾಡಲ್ಲ. ನಾವು ಹೋಗಿದ್ದು ತೀರ್ಥಹಳ್ಳಿ, ಕೊಪ್ಪದ ನಡುವಿನ ಒಂದು ಎಸ್ಟೇಟಿನ ಒಳದಾರಿ, ಮತ್ತೆ ಪಕ್ಕದವರ ಸೊಪ್ಪಿನಬೆಟ್ಟದ ಕಾಲುದಾರಿ. ಅವರನ್ನು ಮೊದಲೇ ಕೇಳಿದ್ದರು. ಶೆಟ್ಟಿಹಳ್ಳಿ, ಮೂಕಾಂಬಿಕಾ ಅಭಯಾರಣ್ಯದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕರೆದುಕೊಂಡು ಹೋಗುತ್ತೇವೆ ಅನ್ನುವವರ ಜೊತೆ ಹೋಗಲೇಬಾರದು.

ಬೀಳುವುದು ಇದ್ದೇ ಇದೆ. ಸುಳ್ಳು ಹೇಳುವುದಿಲ್ಲ. ಬಿದ್ದರೆ ಸಾಮಾನ್ಯವಾಗಿ ಪೆಟ್ಟಾಗುವುದು ಮಣಿಕಟ್ಟಿಗೆ, ಭುಜದ ಮುಂದಿನ ಮೂಳೆಗೆ. ಅದಕ್ಕೇ ಮೊದಲ ದಿನ ಹುಲ್ಲಿನ ಮೇಲೆ, ಸೈಕಲ್ ಬಿಟ್ಟು ಹಿಂದಕ್ಕೆ ಇಳಿದುಬಿಡುವುದನ್ನು ಕಲಿಸಿದರು. ಹೆಲ್ಮೆಟ್, ಕೈಗವಸು, ಮೊಣಕಾಲಿನ ಪ್ಯಾಡ್ ಇಲ್ಲದೆ ಯಾರನ್ನೂ ಹತ್ತಿಸಲಿಲ್ಲ. ಧೈರ್ಯ ಸಾಲದ ಕಡೆ ಇಳಿದು ತಳ್ಳಿಕೊಂಡು ಹೋದರೆ ಯಾರೂ ಏನೂ ಅನ್ನಲಿಲ್ಲ. ಪ್ರಥಮ ಚಿಕಿತ್ಸೆ ಗೊತ್ತಿರುವವರು ಇದ್ದರು, ಒಂದು ಜೀಪು ಯಾವಾಗಲೂ ತಯಾರಿತ್ತು. ಇವೆರಡೂ ಇವೆಯಾ ಅಂತ ಈ ಸಲವೂ ಕೇಳುತ್ತೇನೆ.

ಹೊಸ ಸೈಕಲ್ ಈಗ ಕೊಡಿಸಬೇಡ ಅಣ್ಣ. ಅಲ್ಲೇ ಬಾಡಿಗೆಗೆ ಸಿಗುತ್ತದೆ. ಎರಡೂ ಕಡೆ ಸ್ಪ್ರಿಂಗ್ ಇರುವ ಕಡಿಮೆ ಬೆಲೆಯ ಸೈಕಲ್ ನೋಡಲು ಚೆಂದ, ಆದರೆ ಭಾರ, ಏರಿನಲ್ಲಿ ಜೀವ ತೆಗೆಯುತ್ತದೆ. ಮುಂದೆ ಮಾತ್ರ ಸಸ್ಪೆನ್ಷನ್, ಒಳ್ಳೆಯ ಡಿಸ್ಕ್ ಬ್ರೇಕ್, ಅವಳ ಅಳತೆಯ ಫ್ರೇಮ್ ಇದ್ದರೆ ಸಾಕು. ಅದನ್ನೂ ಅವಳು ಕ್ಯಾಂಪ್ ಮುಗಿಸಿ ಬಂದು ತಾನೇ ಆರಿಸಲಿ. ಹೆಲ್ಮೆಟ್ ಮಾತ್ರ ಹೊಸದು, ಅವಳದೇ ಆಗಿರಲಿ. ಅದು ನನ್ನ ಲೆಕ್ಕದಲ್ಲಿ.

ಕೊನೆಗೆ, ಅತ್ತಿಗೆ, ನಿಮ್ಮ ವಿಷಯ. ಹೈಸ್ಕೂಲಿಗೆ ನೀವು ಮಣ್ಣು ರಸ್ತೆಯಲ್ಲಿ ಸೈಕಲ್ ತುಳಿದೇ ಹೋಗುತ್ತಿದ್ದಿರಿ ಅಂತ ನಿಮ್ಮ ಅಮ್ಮನೇ ನನಗೆ ಹೇಳಿದ್ದಾರೆ. ಮದುವೆ ಆದ ಮೇಲೆ ನಮ್ಮ ಮನೆಯಲ್ಲಿ ಯಾರೂ ನಿಮಗೆ ಬೇಡ ಅನ್ನಲಿಲ್ಲ, ಆದರೆ ಹೊಡೆಯಿರಿ ಅಂತಲೂ ಯಾರೂ ಅನ್ನಲಿಲ್ಲ. ಈಗ ನಾನು ಅನ್ನುತ್ತಿದ್ದೇನೆ. ಮೊದಲಿಂದ ಶುರುಮಾಡುವವರಿಗೆ ಅಲ್ಲಿ ಬೇರೆ ಗುಂಪು ಇರುತ್ತದೆ. ನಿಮ್ಮ ವಯಸ್ಸಿನವರು, ನಿಮಗಿಂತ ದೊಡ್ಡವರು ಬಂದಿದ್ದರು. ಚೂಡಿದಾರದ ಪ್ಯಾಂಟಿನ ಕೆಳಗೆ ಒಂದು ರಬ್ಬರ್ ಬ್ಯಾಂಡ್ ಹಾಕಿದರೆ ಚೈನಿಗೆ ಸಿಕ್ಕುವುದಿಲ್ಲ, ಬೇರೆ ಬಟ್ಟೆ ಬೇಕಾಗಿಲ್ಲ. ಎರಡು ದಿನ ಅಡುಗೆಮನೆ ಅಣ್ಣ ನೋಡಿಕೊಳ್ಳುತ್ತಾನೆ. ತೋಟದ ಕೆಲಸಕ್ಕೆ ಜನ ಹೇಳಿದರಾಯಿತು.

ನಾನು ಶಿವಮೊಗ್ಗದಿಂದ ಕಾರು ತರುತ್ತೇನೆ, ದಾರಿಯಲ್ಲಿ ನಿಮ್ಮನ್ನು ಹತ್ತಿಸಿಕೊಳ್ಳುತ್ತೇನೆ. ಬಾಡಿಗೆ ಸೈಕಲ್ ಅಳತೆಗೆ ಎತ್ತರ ಕೇಳುತ್ತಾರೆ. ಪುಟ್ಟಿಯದನ್ನು ಗೋಡೆಗೆ ನಿಲ್ಲಿಸಿ ಟೇಪಿನಲ್ಲಿ ಅಳೆದು ಇಲ್ಲೇ ಹಾಕಿ, ನಿಮ್ಮದನ್ನೂ ಹಾಕಿ. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.