1 ಟಿಬಿ ಡ್ರೈವ್‌ನಲ್ಲಿ 931 ಜಿಬಿ ಮಾತ್ರ ಕಾಣ್ತಿದೆ, 960 ಜಿಬಿ ಫೋಟೋ ಹಿಡಿಯುತ್ತಾ?

ಫೋಟೋಪೆಟ್ಟಿಗೆ:
ನಮಸ್ಕಾರ. ಹದಿನೈದು ವರ್ಷದ ಫೋಟೋ, ವಿಡಿಯೋ ಎಲ್ಲಾ ಮ್ಯಾಕ್‌ನಲ್ಲಿದೆ. ಫೋಲ್ಡರ್ 960 ಜಿಬಿ ಎಂದು ತೋರಿಸುತ್ತದೆ. ಬ್ಯಾಕಪ್‌ಗೆಂದು ಹೊಸ 1 ಟಿಬಿ ಡ್ರೈವ್ ತಂದೆ. ವಿಂಡೋಸ್‌ಗೆ ಹಾಕಿದರೆ 931 ಜಿಬಿ! ಮತ್ತೆ ಫಾರ್ಮ್ಯಾಟ್ ಮಾಡಿದರೂ ಅಷ್ಟೇ. ಉಳಿದ 69 ಜಿಬಿ ಎಲ್ಲಿ ಹೋಯ್ತು? ನಕಲಿ ಮಾಲಾ? ವಾಪಸ್ ಕೊಟ್ಟುಬಿಡಲಾ?

ಡಿಸ್ಕ್‌ಗೆಳೆಯ:
ಸ್ವಲ್ಪ ತಡೆಯಿರಿ. ವಿಂಡೋಸ್‌ನಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಕೆಪಾಸಿಟಿ ಸಾಲಿನಲ್ಲಿ ಜಿಬಿ ಜೊತೆಗೆ ಒಂದು ಉದ್ದನೆಯ ಅಂಕಿ ಇರುತ್ತದೆ, ಅದು ಬೈಟ್ ಲೆಕ್ಕ. ಮ್ಯಾಕ್‌ನಲ್ಲಿ ಫೋಲ್ಡರ್‌ನ ಗೆಟ್ ಇನ್ಫೋ ನೋಡಿ, ಅಲ್ಲೂ ಇರುತ್ತದೆ. ಎರಡನ್ನೂ ಇಲ್ಲಿ ಹಾಕಿ.

ಫೋಟೋಪೆಟ್ಟಿಗೆ:
ಡ್ರೈವ್: 1,000,203,087,872
ಫೋಲ್ಡರ್: 960,112,480,256
ಅರೆ, ಡ್ರೈವ್‌ನದೇ ಜಾಸ್ತಿ ಇದೆಯಲ್ಲ!

ಡಿಸ್ಕ್‌ಗೆಳೆಯ:
ಹೌದು, ಜಾಗ ಎಲ್ಲೂ ಹೋಗಿಲ್ಲ. ಅಳತೆಗೋಲು ಎರಡಿವೆ, ಅಷ್ಟೇ. ಡ್ರೈವ್ ಮಾಡುವವರ 1 ಜಿಬಿ ಎಂದರೆ 100 ಕೋಟಿ ಬೈಟ್. ವಿಂಡೋಸ್ ಎಣಿಸುವುದು 1024ರ ಲೆಕ್ಕದಲ್ಲಿ. ಹತ್ತು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 1024, ಸಾವಿರಕ್ಕೆ ಹತ್ತಿರವೇ ಇದೆಯಲ್ಲ ಎಂದು ಅದನ್ನೇ ಕಿಲೋ ಎಂದು ಕರೆದುಬಿಟ್ಟರು. ಹಾಗಾಗಿ ವಿಂಡೋಸ್‌ನ 1 ಜಿಬಿ ಎಂದರೆ 1024×1024×1024, ಅಂದರೆ 1,073,741,824 ಬೈಟ್. ನಿಮ್ಮ ಡ್ರೈವ್‌ನ ಅಂಕಿಯನ್ನು ಇದರಿಂದ ಭಾಗಿಸಿ, 931 ಬರುತ್ತದೆ. ಮ್ಯಾಕ್ ಮಾತ್ರ 2009ರ ಸ್ನೋ ಲೆಪರ್ಡ್ ಆವೃತ್ತಿಯಿಂದ ಸಾವಿರದ ಲೆಕ್ಕಕ್ಕೆ ಬಂತು. ನಿಮ್ಮ 960 ಅದೇ ಲೆಕ್ಕದ್ದು. ವಿಂಡೋಸ್‌ನಲ್ಲಿ ಅದು 894 ಜಿಬಿ.

ಕೆಬಿಯಲ್ಲಿ ವ್ಯತ್ಯಾಸ ಬರೀ 2.4%. ಟಿಬಿಗೆ ಬರುವಷ್ಟರಲ್ಲಿ ಹತ್ತಿರತ್ತಿರ 10% ಆಗುತ್ತದೆ. 1998ರಲ್ಲೇ 1024ರ ಲೆಕ್ಕಕ್ಕೆ ಗಿಬಿಬೈಟ್, ಟೆಬಿಬೈಟ್ ಎಂದು ಬೇರೆ ಹೆಸರು ಬಂದಿದೆ. ಆದರೂ ವಿಂಡೋಸ್ ಇನ್ನೂ ಜಿಬಿ ಎಂದೇ ಬರೆಯುತ್ತದೆ. ಇದು ಸರಿಯಲ್ಲ ಎಂದೇ ನನ್ನ ಅನಿಸಿಕೆ. ಜನ ಸುಮ್ನೆ ಗಾಬರಿಯಾಗುತ್ತಾರೆ.

ಬಿಟ್‌ಬೈಟ್:
ಒಂದು ಮಾತು ಸೇರಿಸ್ತೀನಿ. ನಕಲಿ ಡ್ರೈವ್ ಕೂಡ ಬೈಟ್ ಲೆಕ್ಕ ಪೂರ್ತಿ ತೋರಿಸಬಲ್ಲದು. ಫೋಟೋ ಹಾಕುವ ಮೊದಲೇ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಟೆಸ್ಟ್ ಪ್ರೋಗ್ರಾಂ ಓಡಿಸಿ. ಡ್ರೈವ್ ತುಂಬಾ ಬರೆದು, ವಾಪಸ್ ಓದಿ ನೋಡುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ಆದರೂ ಬಿಡಬೇಡಿ. ಹದಿನೈದು ವರ್ಷದ ನೆನಪು ಅಲ್ವಾ?

ಇನ್ನೊಂದು, ಎಕ್ಸ್‌ಫ್ಯಾಟ್ (ವಿಂಡೋಸ್, ಮ್ಯಾಕ್ ಎರಡರಲ್ಲೂ ನಡೆಯುವ ಫಾರ್ಮ್ಯಾಟ್) ಆಗಿ ಫಾರ್ಮ್ಯಾಟ್ ಮಾಡಿದ್ದೀರಾ? ಈ ಸೈಜಿನ ಡ್ರೈವ್‌ನಲ್ಲಿ ಅದು ಸಾಮಾನ್ಯವಾಗಿ 128 ಕೆಬಿ ತುಂಡುಗಳಲ್ಲಿ ಜಾಗ ಕೊಡುತ್ತದೆ. 5 ಕೆಬಿ ಫೈಲ್ ಕೂಡ ಇಡೀ ತುಂಡು ಹಿಡಿಯುತ್ತದೆ. ಎಷ್ಟು ಫೈಲ್ ಇವೆ?

ಫೋಟೋಪೆಟ್ಟಿಗೆ:
ಎಕ್ಸ್‌ಫ್ಯಾಟ್ ಹೌದು. ಸುಮಾರು 80 ಸಾವಿರ ಫೈಲ್.

ಬಿಟ್‌ಬೈಟ್:
ಒಂದೊಂದಕ್ಕೆ ಸರಾಸರಿ ಅರ್ಧ ತುಂಡು ವೇಸ್ಟ್ ಎಂದರೂ 5 ಜಿಬಿ ಅಷ್ಟೇ. ನಿಮಗೆ ವಿಂಡೋಸ್ ಲೆಕ್ಕದಲ್ಲಿ 37 ಜಿಬಿ ಮಿಗಬೇಕು, ಅದರಲ್ಲಿ ಈ 5 ಹೋದರೂ 32 ಉಳಿಯುತ್ತದೆ. ಧೈರ್ಯವಾಗಿ ಹಾಕಿ.

ಫೋಟೋಪೆಟ್ಟಿಗೆ:
ಟೆಸ್ಟ್ ಪಾಸಾಯ್ತು, ಕಾಪಿನೂ ಮುಗೀತು! ವಿಂಡೋಸ್‌ನಲ್ಲಿ ಫೋಲ್ಡರ್ 894 ಜಿಬಿ, ಖಾಲಿ 32 ಜಿಬಿ. ತುಂಬಾ ಹಳೇ ವಿಡಿಯೋ ಒಂದನ್ನು ಅದರಿಂದಲೇ ತೆರೆದು ನೋಡಿದೆ, ಚೆನ್ನಾಗಿ ಓಡ್ತಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.